ಎಡಗೈ ಜೇಬಿನಲ್ಲಿ

ಸ್ವಿಚ್ಚು ಒತ್ತಿದೆ. ಠಪ್.
ಮೀಟರಿನ ಮುಳ್ಳು ಒಮ್ಮೆ ಬಲಕ್ಕೆ ಹಾರಿ
ಸೊನ್ನೆಗೆ ಬಿದ್ದು ಸುಮ್ಮನಾಯಿತು.
ಒಂದೇ ಸಂಜೆ, ಮೂರನೆಯ ಫ್ಯೂಸು.
ಕಿಟಕಿಯಾಚೆ ಮಲ್ಪೆ ಬಂದರಿನಲ್ಲಿ ಐಸ್ ಪುಡಿಮಾಡುವ ಯಂತ್ರ
ಏನೂ ಆಗದ ಹಾಗೆ ಅರೆಯುತ್ತಿತ್ತು.

ಹಗಲು ನಾನು ಬೋಟುಗಳ ವೈರ್‌ಲೆಸ್ ರಿಪೇರಿಯವಳು.
ಹನ್ನೆರಡು ವೋಲ್ಟು, ಉಪ್ಪು ತಿಂದ ಪ್ಲಗ್ಗು,
ಫಿಶ್ ಫೈಂಡರಿನ ಪರದೆಗೆ ಒಣಗಿ ಅಂಟಿದ ಬೂತಾಯಿಯ ಹುರುಪೆ.
ಅಲ್ಲಿ ತಪ್ಪಿದರೆ ತಾಂಡೇಲನ ಬೈಗುಳ, ಅಷ್ಟೆ.
ಇಲ್ಲಿ ಎರಡು ಸಾವಿರದ ಮುನ್ನೂರು ವೋಲ್ಟು
ತಗಡಿನ ಪೆಟ್ಟಿಗೆಯಲ್ಲಿ ಮಾತಿಲ್ಲದೆ ಕೂತಿರುತ್ತದೆ.

ಕಟ್ಟಿದವರು ಕಿನ್ನಿಗೋಳಿಯ ವಲೇರಿಯನ್ ಮಾಸ್ಟ್ರು.
ಗುಜರಿಗೆ ಬಂದ ಹಡಗಿನ ಟ್ರಾನ್ಸ್‌ಫಾರ್ಮರು,
ಕೈಯಲ್ಲೇ ಸುತ್ತಿದ ತಾಮ್ರದ ಸುರುಳಿ,
ಹಾರ್ಲಿಕ್ಸ್ ಬಾಟಲಿಯಷ್ಟೆತ್ತರದ ಎರಡು ವಾಲ್ವು.
ನನಗೆ ಕೊಡುವಾಗ ಪೆನ್ಸಿಲಿನ ನಕ್ಷೆ ಕೊಟ್ಟರು,
ಮತ್ತೊಂದು ಮಾತು:
"ಎಡಗೈ ಯಾವಾಗಲೂ ಜೇಬಿನಲ್ಲಿರಲಿ.
ಒಂದು ಕೈಯಿಂದ ಹೊಕ್ಕ ಕರೆಂಟು ಇನ್ನೊಂದರಿಂದ ಹೊರಡುವಾಗ
ದಾರಿಯಲ್ಲಿ ಹೃದಯ ಉಂಟು."

ನೈಟಿಗೆ ಜೇಬಿಲ್ಲ ಎಂಬುದು ಮಾಸ್ಟ್ರಿಗೆ ಹೊಳೆದಿರಲಿಲ್ಲ.
ಹಳೆ ದಿಂಬಿನ ಚೀಲ ಕತ್ತರಿಸಿ ಹೊಲಿದುಕೊಂಡೆ,
ಹಳದಿ ಹೂವಿನ ಮೇಲೆ ನೀಲಿ ಗೆರೆಯ ಜೇಬು.
ಅತ್ತೆ ಕೇಳಿದರು, ಚಿಲ್ಲರೆ ಇಡಲಿಕ್ಕಾ?
ಅಲ್ಲ, ಕೈ ಇಡಲಿಕ್ಕೆ.

ಪ್ಲಗ್ಗು ಕಿತ್ತು, ಕಣ್ಣಿಗೆ ಕಾಣುವಂತೆ ಎದುರಿಗೇ ಇಟ್ಟುಕೊಂಡೆ.
ಒಂದು ಗ್ಲಾಸು ಚಹಾ ಕುಡಿಯುವಷ್ಟು ಕಾದೆ.
ಪಿವಿಸಿ ಕೋಲಿನ ತುದಿಯ ಕೊಕ್ಕೆಯನ್ನು ಕೆಪಾಸಿಟರಿಗೆ ಮುಟ್ಟಿಸಿದೆ.
ಕಿಡಿ ಇಲ್ಲ. ನಂಬಲಿಲ್ಲ. ಮತ್ತೆ ಮುಟ್ಟಿಸಿದೆ.
ಇಪ್ಪತ್ತು ಡಯೋಡು, ಎಲ್ಲವೂ ಒಂದೇ ದಿಕ್ಕಿಗೆ ಮುಖಮಾಡಿ ನೆಟ್ಟಗಿದ್ದವು.
ವಾಲ್ವು ತೆಗೆದು ಹಾಕಿದೆ: ಫ್ಯೂಸು ಹೋಯಿತು.
ಹೈ ವೋಲ್ಟೇಜು ಬಿಡಿಸಿ ಹಾಕಿದೆ: ಹೋಯಿತು.
ನಾಲ್ಕನೆಯ ದಿನ ಉಡುಪಿ ಬಸ್ಸು ಹತ್ತಿ ಮತ್ತೊಂದು ಡಜನು ತಂದೆ.
"ಹುರಿದು ತಿನ್ನುತ್ತೀರಾ?" ಅಂದರು ಅಂಗಡಿಯ ಕಿಣಿಯವರು.

ಬುದ್ಧಿ ಬಂದದ್ದು ಆಮೇಲೆ. ಫ್ಯೂಸಿನ ಜಾಗದಲ್ಲಿ
ನೂರು ವ್ಯಾಟಿನ ಬಲ್ಬು ಸಿಕ್ಕಿಸಿದೆ. ಪೂರ್ತಿ ಉರಿಯಿತು.
ಒಣ ಬಿದಿರುಕಡ್ಡಿಯಿಂದ ಒಂದೊಂದೇ ತಂತಿ ದೂಡುತ್ತ ಹೋದೆ.
ಒಂದು ಹಸಿರು ತಂತಿ ಅಲುಗಿದಾಗ ಬಲ್ಬು ಆರಿತು.
ಬಿಟ್ಟೆ, ಉರಿಯಿತು.
ಆಗ ತಲೆಗೆ ಹೊಕ್ಕಿತು:
ಮುಚ್ಚಳ ತೆಗೆದು ಐದು ದಿನವಾಯಿತು.
ಮುಚ್ಚಳ ತೆಗೆದರೆ ಈ ಪೆಟ್ಟಿಗೆಗೆ ಕರೆಂಟು ಹರಿಯಲೇಬಾರದು.
ಅದಕ್ಕೆಂದೇ ಅಂಚಿನಲ್ಲೊಂದು ಕಾವಲು ಸ್ವಿಚ್ಚು,
ನಕ್ಷೆಯಲ್ಲಿ ಅದರ ಸುತ್ತ ಎರಡು ಸಲ ಗೆರೆ ಎಳೆದಿದ್ದಾರೆ.
ಈ ಹಸಿರು ತಂತಿ ಮಾತ್ರ ನಕ್ಷೆಯಲ್ಲಿಲ್ಲ.
ಸ್ವಿಚ್ಚಿಗೆ ಸುತ್ತುಹಾಕಿ, ಟೋಲು ತಪ್ಪಿಸುವ ಲಾರಿಯ ಹಾಗೆ
ಮೂಲೆಯಿಂದ ಮೂಲೆಗೆ ಹೋಗಿದೆ;
ಉಪ್ಪುಗಾಳಿಗೆ ಮೈ ಬಿರಿದು ತಗಡಿಗೆ ತಾಗಿದೆ.
ಬೆಸುಗೆ ಅವರದ್ದೇ. ಆ ದುಂಡನೆಯ ಹೊಳಪು ನನಗೆ ಗೊತ್ತಿಲ್ಲವೆ.

ಫೋನು ಮಾಡಿದೆ.
"ಎಂತ ಮಾರಾಯ್ತಿ, ಅದು ಇನ್ನೂ ಅಲ್ಲೇ ಉಂಟಾ?"
ಆಮೇಲೆ ತುಂಬ ಹೊತ್ತು ಕೆಮ್ಮು.
ಹತ್ತೊಂಬತ್ತು ವರ್ಷದ ಹಿಂದೆ, ತೂಫಾನಿನ ರಾತ್ರಿ,
ಕಂಬ ಉರುಳಿ ಫೋನಿಲ್ಲ, ಏಳು ಬೋಟು ದಡ ಸೇರಿಲ್ಲ,
ಕಾರವಾರದವರೊಬ್ಬರ ದನಿ ಬರುತ್ತಾ ಹೋಗುತ್ತಾ ಇರುವಾಗಲೇ
ಸ್ವಿಚ್ಚು ಕೈಕೊಟ್ಟಿತಂತೆ.
"ಬೆಳಿಗ್ಗೆ ತೆಗೆಯುವ ಅಂತಲೇ ಹಾಕಿದ್ದು."
ಬೋಟು ಬಂದವಾ, ಕೇಳಿದೆ.
"ಆರು."
ಮತ್ತೇನೂ ಹೇಳಲಿಲ್ಲ.
ಕರೆಂಟಿಲ್ಲದ ಆ ಹೊತ್ತಿನಲ್ಲೂ
ನನ್ನ ಎಡಗೈ ಜೇಬಿನಲ್ಲೇ ಇತ್ತು.

ತಂತಿ ಕತ್ತರಿಸಿದೆ. ಹೊಸ ಸ್ವಿಚ್ಚಿಗೆ ಇಪ್ಪತ್ತೆಂಟು ರೂಪಾಯಿ.
ಈಗ ಎಂಟು ತಿರುಪೂ ಬಿಗಿಯದೆ ಪೆಟ್ಟಿಗೆ ಏಳುವುದಿಲ್ಲ.
ನಿನ್ನೆ ರಾತ್ರಿ ವಾಲ್ವು ಕಾಯುವವರೆಗೆ ಕಾದು
ಮೋರ್ಸ್ ಕೀಯಲ್ಲಿ ಮಾಸ್ಟ್ರನ್ನು ಕರೆದೆ.
ಗೊರಗೊರದ ಒಳಗಿಂದ ಅವರ ಸಣ್ಣ ಸೆಟ್ಟು ತಟ್ಟಿತು:
ಐದು, ಒಂಬತ್ತು, ಒಂಬತ್ತು.
ಸ್ಪಷ್ಟ, ಗಟ್ಟಿ, ಶುದ್ಧ.
ಅವರು ಎಲ್ಲರಿಗೂ ಅಷ್ಟೇ ಕೊಡುವುದು,
ಸರಿಯಾಗಿ ಕೇಳಿಸದೆ ಹೋದವರಿಗೂ.